ಮಳೆ ದಾಟುವ ಬೋರ್ಡ್: ಸ್ಟಿಕ್ಕರ್ ಅಂಟಿಸೋದಾ, ಯುವಿ ಹೊಡೆಸೋದಾ?

ಮೇ ತಿಂಗಳು ಬಂತು ಅಂದರೆ ನಮ್ಮ ಅಂಗಡಿಗೆ ಎಲ್ಲರೂ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ. ಹೋಂಸ್ಟೇಗೆ ಹೊಸ ಬೋರ್ಡ್ ಬೇಕು, ಮಳೆ ಹಿಡಿಯುವ ಮೊದಲು ನಿಲ್ಲಿಸಬೇಕು. ಕೈಯಲ್ಲಿ ಎರಡು ಕೊಟೇಶನ್. ಒಂದು ಇಲ್ಲೇ ಕುಶಾಲನಗರ, ಮಡಿಕೇರಿ ಕಡೆಯದ್ದು: ವಿನೈಲ್ (ಸ್ಟಿಕ್ಕರ್ ಹಾಳೆ) ಮೇಲೆ ಪ್ರಿಂಟ್ ತೆಗೆದು ಸನ್‌ಬೋರ್ಡಿಗೆ, ಅಂದರೆ ಪಿವಿಸಿ ಫೋಮ್ ಹಾಳೆಗೆ, ಅಂಟಿಸಿಕೊಡ್ತೇವೆ. ಇನ್ನೊಂದು ಮೈಸೂರಿನದ್ದು: ಫ್ಲ್ಯಾಟ್‌ಬೆಡ್ ಮಷೀನಿನಲ್ಲಿ ಹಾಳೆಯ ಮೇಲೇ ನೇರವಾಗಿ ಯುವಿ ಪ್ರಿಂಟ್, ಅಂದರೆ ಇಂಕ್ ಯುವಿ ಬೆಳಕಿಗೆ ಗಟ್ಟಿಯಾಗುವಂಥದ್ದು.

ಹೋದ ವರ್ಷ ಕಕ್ಕಬ್ಬೆ ಕಡೆಯಿಂದ ಒಬ್ಬ ಅಕ್ಕ ಬಂದರು. ಎರಡೂ ಕಾಗದ ಟೇಬಲ್ ಮೇಲೆ ಹರಡಿದರು.

"ನೀನೇ ಹೇಳಪ್ಪ, ಯಾವುದು ಒಳ್ಳೇದು?"

"ಬೋರ್ಡ್ ಎಲ್ಲಿ ನಿಲ್ಲುತ್ತೆ ಅಕ್ಕ?"

"ಒಂದು ಮೇನ್ ರೋಡ್ ತಿರುವಲ್ಲಿ. ಒಂದು ಗೇಟಲ್ಲಿ. ಒಂದು ಒಳಗೆ, ಊಟದ ಹಾಲಲ್ಲಿ."

ಮೂರು ಜಾಗ ಅಂದರೆ ಮೂರು ಉತ್ತರ. ಎರಡೂ ಕೊಟೇಶನ್‌ನಲ್ಲಿ ಮೂರಕ್ಕೂ ಒಂದೇ ಲೆಕ್ಕ ಹಾಕಿದ್ದರು!

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರೋದು ಒಂದು ಇಕೋ ಸಾಲ್ವೆಂಟ್ ಪ್ರಿಂಟರ್ (ದ್ರಾವಕದ ಇಂಕಿನಲ್ಲಿ ವಿನೈಲ್ ರೋಲಿನ ಮೇಲೆ ಹೊಡೆಯೋದು), ಒಂದು ಲ್ಯಾಮಿನೇಷನ್ ಮಷೀನ್ (ಪ್ರಿಂಟಿನ ಮೇಲೆ ಪಾರದರ್ಶಕ ಪದರ ಅಂಟಿಸೋದು). ಫ್ಲ್ಯಾಟ್‌ಬೆಡ್ ಕೆಲಸ ಮೈಸೂರಿಗೆ ಕಳಿಸಿ ಮಾಡಿಸುತ್ತೇನೆ. ಹಾಗಾಗಿ ಅಂಟಿಸುವ ಕಡೆ ನನಗೆ ಸ್ವಲ್ಪ ಒಲವು ಇರಬಹುದು. ಓದುವಾಗ ಅದನ್ನು ಲೆಕ್ಕದಿಂದ ಕಳೆದು ಓದಿ.

ಏನು ನೋಡಿ ಆರಿಸಬೇಕು

ಜನ ಮೊದಲು ಕೇಳೋದು ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ) ಎಷ್ಟು ಅಂತ. ಅದು ಕೊನೆಗೆ ಕೇಳಬೇಕಾದ ಮಾತು. ಹತ್ತು ಅಡಿ ಆಚೆಯಿಂದ ಓದುವ ಬೋರ್ಡಿಗೆ ನಿಜ ಅಳತೆಯಲ್ಲಿ 100 ಡಿಪಿಐ ಫೈಲ್ ಸಾಕು. ಗೋಡೆ ಪಕ್ಕ ನಿಂತು ನೋಡುವ ಫೋಟೋಕ್ಕೆ 150, ಬೇಕಿದ್ದರೆ 200. ಅದಕ್ಕಿಂತ ಜಾಸ್ತಿ ಕೊಟ್ಟರೆ ಫೈಲ್ ಭಾರ ಆಗುತ್ತೆ, ಕಣ್ಣಿಗೆ ಏನೂ ಸಿಗೋದಿಲ್ಲ.

ಹಾಗಾದರೆ ಏನು ನೋಡೋದು? ಎಷ್ಟು ದೂರದಿಂದ ಓದುತ್ತಾರೆ. ಬರೀ ಅಕ್ಷರವಾ, ಫೋಟೋನೂ ಇದೆಯಾ. ಎಷ್ಟು ವರ್ಷ ಇರಬೇಕು. ಎಷ್ಟು ಪ್ರತಿ ಬೇಕು. ಇವು ಎಲ್ಲ ಊರಿಗೂ ಒಂದೇ. ನಮ್ಮ ಕೊಡಗಿಗೆ ಇನ್ನೆರಡು ಸೇರುತ್ತವೆ. ಒಂದು, ನೀರು ಎಲ್ಲಿಂದ ಒಳಗೆ ಹೋಗುತ್ತೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮೇಲಿಂದ ಬೀಳುವ ನೀರಿಗೆ ಬೋರ್ಡ್ ಹೆದರೋದಿಲ್ಲ, ಅಂಚಿನಿಂದ ನುಗ್ಗುವ ನೀರಿಗೆ ಹೆದರುತ್ತೆ. ಎರಡು, ಪಾಚಿ. ತೋಟದ ನೆರಳಲ್ಲಿ, ಸಿಲ್ವರ್ ಓಕ್ ಮರದಿಂದ ಹನಿ ಬೀಳುವ ಕಡೆ ನಿಂತ ಬೋರ್ಡ್ ಆಗಸ್ಟ್ ಹೊತ್ತಿಗೆ ಹಸಿರಾಗಿರುತ್ತೆ. ವರೆಸಿದರೆ ಹೋಗುವಂಥ ಮೈ ಇರಬೇಕು.

ಇನ್ನೊಂದು ಮಾತು ಕನ್ನಡ ಲಿಪಿಗೆ ಸೇರಿದ್ದು. ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ 2024ರ ತಿದ್ದುಪಡಿಯಾದ ಮೇಲೆ ಕನ್ನಡ ಅಕ್ಷರ ದೊಡ್ಡದಾಗಿದೆ, ಸಂತೋಷ. ಆದರೆ ಫೋನ್ ನಂಬರ್ ಮೇಲಿನ ಸಣ್ಣ ಸಾಲಿನಲ್ಲಿ ಒತ್ತಕ್ಷರ, ಬಾಲ, ಚುಕ್ಕಿ ಎಲ್ಲ ಹಾಗೇ ಇರುತ್ತವೆ. ಪ್ರಿಂಟ್ ಗುಣಮಟ್ಟ ಬಯಲಾಗೋದು ಅಲ್ಲೇ.

ಒಂದು 'ಫ' ಹೇಳಿದ ಪಾಠ

ಮೂರು ವರ್ಷದ ಹಿಂದೆ ಒಂದು ಎಸ್ಟೇಟಿನ ಕೆಲಸ ಮೈಸೂರಿಗೆ ಕಳಿಸಿದ್ದೆ. ಕಡು ಹಸಿರು ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರ. ಬಿಳಿ ಅಂದರೆ ಬಿಳಿ ಇಂಕ್ ಅಲ್ಲ, ಹಾಳೆಯ ಬಿಳಿಯನ್ನೇ ಬಿಟ್ಟು ಸುತ್ತ ಹಸಿರು ಹೊಡೆಯೋದು. ಬೋರ್ಡ್ ಬಂತು, ಬಿಚ್ಚಿದೆ. ದೊಡ್ಡ ಹೆಸರು ಚೆನ್ನಾಗಿತ್ತು. ಕೆಳಗಿನ ಸಾಲು ಓದಿದರೆ "ಕಾಪಿ, ಕಾಳುಮೆಣಸು, ಏಲಕ್ಕಿ". ಕೊಡಗಿನಲ್ಲಿ ಕಾಫಿಯನ್ನೇ ತಪ್ಪು ಬರೆದರೆ ಹೇಗೆ ಮುಖ ತೋರಿಸೋದು!

ಫೈಲ್ ತೆರೆದು ನೋಡಿದೆ. ಫೈಲಿನಲ್ಲಿ 'ಫ' ಸರಿಯಾಗೇ ಇದೆ. ಭೂತಗನ್ನಡಿ ಹಿಡಿದು ಬೋರ್ಡ್ ನೋಡಿದೆ. 'ಫ'ದ ಕೆಳಗಿನ ಬಾಲ ಕೂದಲೆಳೆಯಷ್ಟು ದಪ್ಪ. ಎರಡೂ ಪಕ್ಕದಿಂದ ಹಸಿರು ಇಂಕಿನ ಸಣ್ಣ ಸಣ್ಣ ಹನಿ ಚದುರಿ ಆ ಬಾಲವನ್ನು ನುಂಗಿದ್ದವು. ಪಕ್ಕದ 'ಳು' ಮಾತ್ರ ಚೂಪಾಗಿತ್ತು. ಅದೇ ಸಾಲು, ಅದೇ ಮಷೀನ್.

ಕಾರಣ ಹುಡುಕಿದಾಗ ಸಿಕ್ಕಿದ್ದು ನನ್ನದೇ ಗೋಡೌನಿನಲ್ಲಿ. ಆ 5 ಮಿ.ಮೀ. ಸನ್‌ಬೋರ್ಡ್ ಹಾಳೆ ಇಡೀ ಮಳೆಗಾಲ ಗೋಡೆಗೆ ಒರಗಿಕೊಂಡು ನಿಂತಿತ್ತು. ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ಪ್ರಿಂಟ್ ಹೆಡ್‌ಗೂ ಹಾಳೆಗೂ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ಅಂತರ ಇಡುತ್ತಾರೆ. ಬಾಗಿದ ಹಾಳೆ ಹಾಕಿದರೆ ಹೆಡ್ ತಗುಲಿ ಹಾಳಾಗುತ್ತೆ, ಅದರ ಬೆಲೆ ಸಣ್ಣದಲ್ಲ. ಹಾಗಾಗಿ ಅಲ್ಲಿನ ಆಪರೇಟರ್ ಹೆಡ್ ಮೇಲೆತ್ತಿದ. ಅಂತರ ಜಾಸ್ತಿಯಾದಷ್ಟೂ ಹನಿ ಗುರಿ ತಪ್ಪುತ್ತೆ. ಹಾಳೆ ಉಬ್ಬಿದ ಕಡೆ 'ಳು' ಚೂಪು, ತಗ್ಗಿದ ಕಡೆ 'ಫ' ಮಾಯ. ಮಷೀನಿಗೆ ಬೈದು ಏನು ಪ್ರಯೋಜನ?

ಅವತ್ತಿನಿಂದ ಹಾಳೆಗಳನ್ನು ಮಲಗಿಸಿಯೇ ಇಡುತ್ತೇನೆ. ಯಾವ ಅಂಗಡಿಗೆ ಹೋದರೂ ನೀವು ಮೊದಲು ನೋಡಬೇಕಾದ್ದು ಮಷೀನಿನ ಹೆಸರಲ್ಲ, ಹಾಳೆ ಹೇಗೆ ಇಟ್ಟಿದ್ದಾರೆ ಅನ್ನೋದು. ಜೊತೆಗೆ ಒಂದು ಸಣ್ಣ ಪರೀಕ್ಷೆ: ನಿಮ್ಮ ಬೋರ್ಡಿನ ಅತಿ ಸಣ್ಣ ಸಾಲಿನಲ್ಲಿ ದ-ಧ-ಥ, ಪ-ಫ, ಡ-ಢ ಸೇರಿಸಿ, ಅದೇ ಹಾಳೆಯ ತುಂಡಿನ ಮೇಲೆ ಒಂದು ಸ್ಯಾಂಪಲ್ ಹೊಡೆಸಿ. ಥ-ದ ಹೊಟ್ಟೆಯ ಚುಕ್ಕಿ, ಫ-ದ ಬಾಲ ಕಂಡರೆ ಉಳಿದದ್ದೆಲ್ಲ ಕಾಣುತ್ತೆ.

ಪ್ರಿಂಟ್ ತೆಗೆದು ಅಂಟಿಸೋದು

ಇಕೋ ಸಾಲ್ವೆಂಟ್ ಮಷೀನಿನ ಹನಿ ಬಹಳ ಸಣ್ಣದು. ವಿನೈಲ್ ರೋಲು ಹೆಡ್ ಕೆಳಗೆ ಚಪ್ಪಟೆಯಾಗಿಯೇ ಹೋಗುತ್ತೆ, ಆದ್ದರಿಂದ ಹಾಳೆ ಬಾಗಿದ್ದರೂ ಪ್ರಿಂಟಿಗೆ ತೊಂದರೆ ಇಲ್ಲ. ಮುಖದ ಫೋಟೋ, ಮಂಜು ಕವಿದ ಬೆಟ್ಟ, ನಯವಾಗಿ ಕರಗುವ ಬಣ್ಣ, ಇವಕ್ಕೆ ಇದೇ ಚೆಂದ. ಮೇಲೆ ಗ್ಲಾಸಿ (ಹೊಳಪಿನ) ಲ್ಯಾಮಿನೇಷನ್ ಹಾಕಿದರೆ ಪಾಚಿ ಒದ್ದೆ ಬಟ್ಟೆಗೇ ಬರುತ್ತೆ. ಐದು ವರ್ಷದ ಮೇಲೆ ನಂಬರ್ ಬದಲಾದರೆ ಸ್ಟಿಕ್ಕರ್ ಮಾತ್ರ ಬದಲಿಸಿದರೆ ಆಯ್ತು.

ತೊಂದರೆ ಇರೋದು ಕೈಗೆಲಸದಲ್ಲಿ. ಪ್ರಿಂಟ್ ತೆಗೆದ ಕೂಡಲೇ ಲ್ಯಾಮಿನೇಟ್ ಮಾಡಿದರೆ ಇಂಕಿನ ಸಾಲ್ವೆಂಟ್ ಒಳಗೇ ಸಿಕ್ಕಿಕೊಳ್ಳುತ್ತೆ. ಅಂಟು ಮೆತ್ತಗಾಗಿ ಅಂಚು ಸುರುಳಿ ಸುತ್ತುತ್ತೆ. ಕಡೇಪಕ್ಷ 24 ಗಂಟೆ ಬಿಡಬೇಕು. ಜುಲೈಯಲ್ಲಿ ನಾನು ಎರಡು ದಿನ ಬಿಡುತ್ತೇನೆ. ಇನ್ನು ತಂಪು ಗೋಡೌನಿನಿಂದ ತಂದ ಹಾಳೆಯ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತೆ. ಅದರ ಮೇಲೆ ಅಂಟಿಸಿದರೆ ಮೂರನೇ ವಾರಕ್ಕೆ ಅಕ್ಕಿಕಾಳಿನಂಥ ಗುಳ್ಳೆ. "ಅರ್ಜೆಂಟ್, ಸಂಜೆಗೆ ಬೇಕು" ಅಂದವರಿಗೆ ಮಳೆಗಾಲದಲ್ಲಿ ನಾನು ಇಲ್ಲ ಅಂದುಬಿಡೋದು ಇದೇ ಕಾರಣಕ್ಕೆ.

ವಿನೈಲ್ ಜಾತಿ ಕೇಳಿ. ಮೊನೊಮೆರಿಕ್ ಅಗ್ಗ. ಆದರೆ ಬಿಸಿಲಿಗೆ ಕುಗ್ಗುತ್ತೆ, ಹೊರಗೆ ಒಂದೆರಡು ವರ್ಷ, ಹೆಚ್ಚಂದರೆ ಮೂರು. ಪಾಲಿಮೆರಿಕ್ ಐದು ವರ್ಷ ದಾಟಬಹುದು. ಬೆಲೆ ಜಾಸ್ತಿ, ಆದರೆ ಬೋರ್ಡ್ ನಿಲ್ಲಿಸುವ ಕಂಬ, ಕಾಂಕ್ರೀಟು, ಕೂಲಿ ಎಲ್ಲ ಸೇರಿದ ಮೇಲೆ ಆ ವ್ಯತ್ಯಾಸ ಸಣ್ಣದು. ಬಿಲ್ಲಿನಲ್ಲಿ ಯಾವುದು ಅಂತ ಬರೆಸಿಕೊಳ್ಳಿ.

ಅಂಚಿಗೆ ಬಂದರೆ, ಸ್ಟಿಕ್ಕರನ್ನು ಬೋರ್ಡಿನ ಅಳತೆಗೇ ಕತ್ತರಿಸಿ ಬಿಟ್ಟರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತೆ. ಒಂದು ಇಂಚು ಜಾಸ್ತಿ ಬಿಟ್ಟು ಹಿಂದಕ್ಕೆ ಮಡಚಿ ಅಂಟಿಸಬೇಕು. ಇಲ್ಲವೇ ಅಲ್ಯೂಮಿನಿಯಂ ಫ್ರೇಮ್ ಹಾಕಿಸಿ. ಫ್ರೇಮ್ ಹಾಕಿಸಿದರೆ ಕೆಳಗಿನ ಪಟ್ಟಿಗೆ ಎರಡು ತೂತು ಕೊರೆಸಿ, ಇಲ್ಲದಿದ್ದರೆ ಅದೇ ನೀರಿನ ತೊಟ್ಟಿ.

ನೇರ ಯುವಿ

ಹಾಳೆಯನ್ನು ಮಂಚದಂಥ ಟೇಬಲ್ ಮೇಲೆ ಮಲಗಿಸುತ್ತಾರೆ. ಕೆಳಗಿನಿಂದ ಗಾಳಿ ಎಳೆದು ಹಿಡಿಯುತ್ತೆ, ಹೆಡ್ ಮೇಲೆ ಓಡಾಡುತ್ತೆ, ಹಿಂದೆಯೇ ಯುವಿ ದೀಪ ಇಂಕನ್ನು ಗಟ್ಟಿ ಮಾಡುತ್ತೆ. ಅಂಟು ಇಲ್ಲ, ಸ್ಟಿಕ್ಕರ್ ಅಂಚು ಇಲ್ಲ, ಗುಳ್ಳೆಯ ಮಾತೇ ಇಲ್ಲ. ಒಂದೇ ಥರದ 30 ಬೋರ್ಡ್ ಬೇಕಿದ್ದರೆ ಕೈಗೆಲಸ ಉಳಿದು ಅಗ್ಗವೂ ಆಗುತ್ತೆ. 8×4 ಅಡಿ ಹಾಳೆ ಇಡಿಯಾಗಿ ಒಂದೇ ಸಲಕ್ಕೆ ಮುಗಿಯುತ್ತೆ.

ಆದರೆ ಇಲ್ಲಿ ಎಲ್ಲ ನಿಂತಿರೋದು ಹಾಳೆಯ ಮೈ ಮೇಲೆ. ಇಂಕ್ ಮೇಲ್ಮೈಯಲ್ಲೇ ಕೂರುತ್ತೆ, ಒಳಗೆ ಇಳಿಯೋದಿಲ್ಲ. ಸನ್‌ಬೋರ್ಡಿಗೆ ಚೆನ್ನಾಗಿ ಹಿಡಿಯುತ್ತೆ. ಗಾಜು, ಲೋಹ, ಕೆಲವು ಅಕ್ರಿಲಿಕ್‌ಗೆ ಪ್ರೈಮರ್ (ಇಂಕ್ ಹಿಡಿಯಲು ಮೊದಲು ಬಳಿಯುವ ಪದರ) ಬೇಕು. ಒಳಗೆ ಕೊಳವೆ ಕೊಳವೆಯಾಗಿರುವ ಪಾಲಿಪ್ರೊಪಿಲೀನ್ ಫ್ಲೂಟ್ ಬೋರ್ಡಿಗೆ ಕೊರೋನಾ ಟ್ರೀಟ್‌ಮೆಂಟ್ ಆಗಿರಬೇಕು. (ಆ ಕೊರೋನಾ ಅಲ್ಲ, ಇದು ವಿದ್ಯುತ್ತಿನ ಕಿಡಿಯಿಂದ ಮೈ ಹದ ಮಾಡೋದು.) ಆ ಹದ ಹಳತಾಗುತ್ತಾ ಹೋಗುತ್ತೆ. ವರ್ಷಗಟ್ಟಲೆ ಬಿದ್ದಿದ್ದ ಸ್ಟಾಕ್ ಹಾಳೆಯ ಮೇಲೆ ಹೊಡೆದ ಪ್ರಿಂಟ್ ಉಗುರಿಗೇ ಎದ್ದು ಬರಬಹುದು.

ಪರೀಕ್ಷೆ ಸುಲಭ. ಸ್ಯಾಂಪಲ್ ಹೊಡೆಸಿ ಒಂದು ದಿನ ಬಿಡಿ, ಪೂರ್ತಿ ಹಿಡಿತ ಬರೋಕೆ ಅಷ್ಟು ಹೊತ್ತು ಬೇಕು. ಕಟ್ಟರ್‌ನಲ್ಲಿ ಅಡ್ಡ ಉದ್ದ ಗೀರಿ ಸಣ್ಣ ಚೌಕ ಮಾಡಿ. ಮೇಲೆ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಕೀಳಿ. ಟೇಪಿಗೆ ಬಣ್ಣ ಬಂದರೆ ಆ ಹಾಳೆ ಬೇಡ.

ಗೆರೆ ಗೆರೆಯಾಗಿ ಕಾಣೋದು ಇನ್ನೊಂದು ದೂರು. ಹೆಡ್ ಎಷ್ಟು ಸಲ ಓಡಿ ಒಂದು ಪಟ್ಟಿ ತುಂಬುತ್ತೆ ಅನ್ನೋದಕ್ಕೆ ಪಾಸ್ ಅಂತಾರೆ. 4 ಪಾಸ್‌ನಲ್ಲಿ ಬೇಗ ಮುಗಿಯುತ್ತೆ, ಒಂದೇ ಬಣ್ಣದ ದೊಡ್ಡ ಹಿನ್ನೆಲೆಯಲ್ಲಿ ಗೆರೆ ಕಾಣುತ್ತೆ. 8 ಪಾಸ್ ಹೊತ್ತು ಹಿಡಿಯುತ್ತೆ, ನಯವಾಗಿ ಬರುತ್ತೆ. ಕೊಟೇಶನ್ ಅಗ್ಗ ಇದ್ದರೆ ಪಾಸ್ ಎಷ್ಟು ಅಂತ ಕೇಳಿ ನೋಡಿ, ಅಲ್ಲೇ ಗೊತ್ತಾಗುತ್ತೆ. ಕಡು ಒಂದೇ ಬಣ್ಣದ ಹಿನ್ನೆಲೆ ಬಿಟ್ಟು ಸ್ವಲ್ಪ ಎಲೆ, ನೆರಳು ಇರುವ ಡಿಸೈನ್ ಮಾಡಿಸಿದರೆ ಗೆರೆ ಅದರಲ್ಲೇ ಅಡಗುತ್ತೆ, ಇದು ನಮ್ಮವರ ಹಳೇ ಉಪಾಯ.

ಯುವಿ ಪ್ರಿಂಟಿನ ಮೈ ಮುಟ್ಟಿದರೆ ಸ್ವಲ್ಪ ಒರಟು. ನೆರಳಿನ ಜಾಗದಲ್ಲಿ ಪಾಚಿ ಅದಕ್ಕೆ ಕಚ್ಚಿಕೊಳ್ಳುತ್ತೆ. ಬ್ರಷ್ ಹಾಕಿ ಉಜ್ಜಿದರೆ ಗೀರು ಬೀಳುತ್ತೆ. ತೋಟದ ಒಳಗಿನ ಬೋರ್ಡಿಗೆ ನಾನು ಇದನ್ನು ಹೇಳದಿರೋದು ಅದಕ್ಕೇ.

ರೋಲೂ ಹಾಳೆಯೂ ಎರಡೂ ಓಡುವ ಹೈಬ್ರಿಡ್ ಮಷೀನ್ ಅಂತ ಇದೆ. ಅಲ್ಲಿ ಹೆಡ್ ಬದಲು ಹಾಳೆಯೇ ಬೆಲ್ಟ್ ಮೇಲೆ ಮುಂದೆ ಸಾಗುತ್ತೆ. ಭಾರದ ಹಾಳೆ ಒಂದಿಷ್ಟು ಜಾರಿದರೂ ಗೆರೆ, ಸೊಟ್ಟ. ತೆಳು ಹಾಳೆಗೆ ಪರವಾಗಿಲ್ಲ. ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್ ಇರುವ ಹಾಳೆ), ದಪ್ಪ ಅಕ್ರಿಲಿಕ್ ಇದ್ದರೆ ಫ್ಲ್ಯಾಟ್‌ಬೆಡ್ಡೇ ಕೇಳಿ.

ಒಳಗಿನ ಬೋರ್ಡಿಗೆ ಅಕ್ರಿಲಿಕ್

ರಿಸೆಪ್ಶನ್, ಊಟದ ಹಾಲ್, ಕಾಫಿ ಮಾರುವ ಕೌಂಟರ್: ಇಲ್ಲಿ ಹಣ ಇದ್ದರೆ ಪಾರದರ್ಶಕ ಅಕ್ರಿಲಿಕ್‌ನ ಹಿಂಬದಿಗೆ ಯುವಿ ಹೊಡೆಸಿ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಮೊದಲು ಬಣ್ಣ, ಅದರ ಮೇಲೆ ಬಿಳಿ ಇಂಕ್. ಮುಂದಿನಿಂದ ನೋಡಿದರೆ ಗಾಜಿನೊಳಗೆ ಚಿತ್ರ ಮುಳುಗಿದ ಹಾಗೆ. ಎಷ್ಟು ವರೆಸಿದರೂ ಇಂಕಿಗೆ ಕೈ ತಾಗೋದಿಲ್ಲ.

ಎರಡು ಕಡೆ ಎಚ್ಚರ. ಬಿಳಿ ಇಂಕಿನ ಬಣ್ಣದ ಪುಡಿ ಟೈಟಾನಿಯಂ ಡೈಆಕ್ಸೈಡ್, ಭಾರ. ನಿಂತರೆ ತಳ ಹಿಡಿಯುತ್ತೆ. ಬಿಳಿಯನ್ನು ಅಪರೂಪಕ್ಕೆ ಬಳಸುವ ಅಂಗಡಿಯಲ್ಲಿ ನಾಝಲ್ (ಹೆಡ್‌ನಲ್ಲಿ ಇಂಕ್ ಹೊರಬರುವ ಸಣ್ಣ ತೂತು) ಕಟ್ಟಿಕೊಂಡಿರುತ್ತೆ. "ಇವತ್ತಿನ ನಾಝಲ್ ಚೆಕ್ ತೋರಿಸಿ" ಅಂತ ಕೇಳೋಕೆ ಸಂಕೋಚ ಬೇಡ.

ಇನ್ನೊಂದು ಸ್ಟ್ಯಾಟಿಕ್. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಅಕ್ರಿಲಿಕ್ ಮೇಲಿನ ರಕ್ಷಣೆಯ ಹಾಳೆಯನ್ನು ಸರ್ರನೆ ಕಿತ್ತರೆ ಕೈಯ ರೋಮ ನೆಟ್ಟಗಾಗುತ್ತೆ. ಅದೇ ವಿದ್ಯುತ್ತು ಇಂಕಿನ ಹನಿಯನ್ನೂ ಎಳೆದಾಡುತ್ತೆ. ಅಕ್ಷರದ ಸುತ್ತ ಧೂಳು ಕೂತ ಹಾಗೆ ಇಂಕಿನ ಮಬ್ಬು. ಒಣ ಬಟ್ಟೆಯಲ್ಲಿ ಉಜ್ಜಿದರೆ ಇನ್ನೂ ಜಾಸ್ತಿ. ನಿಧಾನ ಬಿಚ್ಚಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ವರೆಸಬೇಕು. ಥಿನ್ನರ್ ಬೇಡವೇ ಬೇಡ, ಅಕ್ರಿಲಿಕ್ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಾಟ ಕಮ್ಮಿ. ನಮ್ಮ ಮಳೆಗೆ ಅಷ್ಟಾದರೂ ಥ್ಯಾಂಕ್ಸ್ ಹೇಳಬೇಕು.

ಹಾಳೆಗಳ ಬಗ್ಗೆ, ಬೇಗನೆ

ಎಂಡಿಎಫ್, ಕಾಗದ ಮೈಯ ಫೋಮ್ ಬೋರ್ಡ್: ಹೊರಗೆ ಇಡಲೇಬೇಡಿ, ನೀರು ಕುಡಿದು ಊದುತ್ತವೆ. ಸನ್‌ಬೋರ್ಡ್ ನೀರು ಕುಡಿಯೋದಿಲ್ಲ, ಆದರೆ ಬಿಸಿಲಿಗೆ ಬಾಗುತ್ತೆ. ಕಪ್ಪು, ಕಡು ಕಂದು ಬಣ್ಣ ಹೊಡೆಸಿದರೆ ಇನ್ನೂ ಬೇಗ. 3 ಮಿ.ಮೀ. ಒಳಗೆ ಮಾತ್ರ, ಹೊರಗೆ 5 ಅಥವಾ 8, ಹಿಂದೆ ಚೌಕಟ್ಟು ಇರಲಿ. ಎಸಿಪಿ ದುಬಾರಿ. ಆದರೆ ಚಪ್ಪಟೆ ಮೈ, ಬಾಗೋದಿಲ್ಲ, ನೇರ ಯುವಿಗೂ ಅಂಟಿಸೋಕೂ ಎರಡಕ್ಕೂ ಒಳ್ಳೇದು. ಅಂಚು ಮಡಚಿ ಡಬ್ಬಿ ಥರ ಮಾಡಿಸೋದಾದರೆ ಯುವಿ ಇಂಕ್ ಮಡಿಕೆಯಲ್ಲಿ ಬಿರುಕು ಬಿಡಬಹುದು. ಅಲ್ಲಿ ವಿನೈಲ್ ವಾಸಿ.

ಸನ್‌ಬೋರ್ಡ್, ಅಕ್ರಿಲಿಕ್ ಎರಡೂ ಬಿಸಿಗೆ ಹಿಗ್ಗುತ್ತವೆ. 8 ಅಡಿ ಹಾಳೆ 25 ಡಿಗ್ರಿ ಏರಿದರೆ ಸುಮಾರು 4 ಮಿ.ಮೀ. ಉದ್ದ ಆಗುತ್ತೆ. ಸ್ಕ್ರೂಗಿಂತ ತೂತು ದೊಡ್ಡದಿರಲಿ, ಬಿಗಿಯಾಗಿ ತಿರುಗಿಸಿದರೆ ನಡುವೆ ಉಬ್ಬುತ್ತೆ.

ದುಡ್ಡು

ಉಳಿಸೋಕೆ ಒಳ್ಳೇ ಜಾಗ ಅಂದರೆ ಅಳತೆ. ಹಾಳೆ ಬರೋದು 8×4. ಬೋರ್ಡ್ 4×2 ಮಾಡಿಸಿದರೆ ಒಂದು ಹಾಳೆಯಲ್ಲಿ ನಾಲ್ಕು. 3×2 ಮಾಡಿಸಿದರೆ ಜಾಣತನದಿಂದ ಕತ್ತರಿಸಿದಾಗ ಐದು. "ಸ್ವಲ್ಪ ದೊಡ್ಡದಿರಲಿ" ಅಂತ 4.5×2.5 ಅಂದಿರೋ, ಒಂದು ಹಾಳೆಗೆ ಒಂದೇ. ಉಳಿದದ್ದು ಅಂಗಡಿಯವನ ಮೂಲೆ ಸೇರುತ್ತೆ, ಬೆಲೆ ನಿಮ್ಮ ಬಿಲ್ಲಿಗೆ.

ಕೈ ಬಿಗಿ ಇದ್ದರೆ, ಬೋರ್ಡಿನಲ್ಲಿ ಫೋಟೋ ಇಲ್ಲದಿದ್ದರೆ, ಪ್ರಿಂಟೇ ಬೇಡ. ಬಣ್ಣ ಹೊಡೆದ ತಗಡಿನ ಮೇಲೆ ಕತ್ತರಿಸಿದ ವಿನೈಲ್ ಅಕ್ಷರ ಅಂಟಿಸಿ. ಅಕ್ಷರ ಚಾಕುವಿನಲ್ಲಿ ಕೊಯ್ದಷ್ಟು ಚೂಪು. ನಮ್ಮಲ್ಲಿಗೆ ಬರುವ ಎಷ್ಟೋ ಕೆಲಸಕ್ಕೆ ಇದು ಸಾಕು. ಹೇಳಿದರೆ ಗಿರಾಕಿಗೆ ನಂಬಿಕೆ ಬರೋದಿಲ್ಲ, ಅಷ್ಟೇ.

ನಾಲ್ಕು ವಾರಕ್ಕೆ ಮಾತ್ರ ಬೇಕು, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಂಥ ಕಡೆ ಮೈದಾನದ ಸುತ್ತ ಸಾಲಾಗಿ ಬೇಕು ಅಂದರೆ, 3 ಮಿ.ಮೀ. ಸನ್‌ಬೋರ್ಡಿಗೆ 4 ಪಾಸ್ ನೇರ ಯುವಿ. ಎಂಟು ಪಾಸಿನ ದುಡ್ಡು ದಂಡ. ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ, ಆ ಕಡೆ ಹೋಗಬೇಡಿ. ಬೇರೆ ಪ್ಲಾಸ್ಟಿಕ್ ಹಾಳೆಗೂ ಪಂಚಾಯಿತಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಯಾವ ದಾರಿ ಹಿಡಿದರೂ ಫೈಲ್ ಕಳಿಸುವ ಮೊದಲು ಕನ್ನಡ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಫಾಂಟ್ ಬೇಡದ ಗೆರೆಯ ಚಿತ್ರವಾಗಿ ಬದಲಿಸಿ. ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಫೋಟೋ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ, ಆಮೇಲೆ ಯಾವ ಮಷೀನೂ ಅದನ್ನು ಸರಿ ಮಾಡೋದಿಲ್ಲ.

ಆ ಅಕ್ಕನ ಮೂರು ಬೋರ್ಡ್

ತಿರುವಿನ ಬೋರ್ಡಿಗೆ ಮಂಜು ದೊಡ್ಡ ಸಮಸ್ಯೆ. ರಾತ್ರಿ ಬರುವ ಗಾಡಿಗೆ ಹೆಡ್‌ಲೈಟಿನಲ್ಲಿ ಹೊಳೆಯಬೇಕು. ರಿಫ್ಲೆಕ್ಟಿವ್ ವಿನೈಲ್ ಮೇಲೆ ಇಕೋ ಸಾಲ್ವೆಂಟ್ ಪ್ರಿಂಟ್, ಎಸಿಪಿಗೆ ಅಂಟಿಸಿದೆವು. ಈ ಇಂಕಿನ ಮೂಲಕ ಬೆಳಕು ಹಾದು ವಾಪಸ್ ಬರುತ್ತೆ. ಕೆಳಗೆ ಬಿಳಿ ಇಂಕ್ ಹೊಡೆದಿದ್ದರೆ ಹೊಳಪೇ ಸಾಯುತ್ತಿತ್ತು. ಹೆಸರು, ಬಾಣ, ಕಿಲೋಮೀಟರ್, ಇಷ್ಟೇ ಅಕ್ಷರ.

ಗೇಟಿನದ್ದು ಮರದ ನೆರಳು. 8 ಮಿ.ಮೀ. ಸನ್‌ಬೋರ್ಡ್, ಪಾಲಿಮೆರಿಕ್ ವಿನೈಲ್, ಗ್ಲಾಸಿ ಲ್ಯಾಮಿನೇಷನ್, ಅಂಚು ಹಿಂದಕ್ಕೆ ಮಡಚಿದ್ದು.

ಊಟದ ಹಾಲಿಗೆ ತಡಿಯಂಡಮೋಳ್ ಬೆಟ್ಟದ ಫೋಟೋ, ಅಕ್ರಿಲಿಕ್ ಹಿಂಬದಿ ಯುವಿ, ಮೈಸೂರಿನಲ್ಲಿ 8 ಪಾಸ್. ಬಸ್ಸಿನಲ್ಲಿ ತರಿಸೋದು ಬೇಡ ಅಂದೆ. ಅವರೇ ಜೀಪಿನಲ್ಲಿ ಹೋಗಿ, ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ತಂದರು.

ಈ ಅಕ್ಟೋಬರ್‌ನಲ್ಲಿ ಆ ದಾರಿಯಲ್ಲಿ ಹೋಗಿದ್ದೆ. ಗೇಟಿನ ಬೋರ್ಡಿನ ಕೆಳಗಿನ ಒಂದು ಮೂಲೆ ಅರ್ಧ ಇಂಚು ಎದ್ದಿತ್ತು. ಅಲ್ಲಿ ಮಡಚುವಾಗ ನಾನು ಮೂಲೆ ಸರಿಯಾಗಿ ಕತ್ತರಿಸಿರಲಿಲ್ಲ. ಹೇರ್ ಡ್ರೈಯರ್ ಕೇಳಿದೆ, ಬಿಸಿ ಮಾಡಿ ಒತ್ತಿ ಕೂರಿಸಿದೆ. ಅಕ್ಕ ಕಾಫಿ ತಂದು ಕೊಟ್ಟರು.